ಟ್ರೇಸರ್ ಅಣ್ಣನ ಮಂತ್ರದ ಕಟ್ಟಳೆ

ಟ್ರೇಸರ್ ಅಣ್ಣ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಅವರ ಮಣ್ಣಾಗಿ ಒಂದು ವಾರ ಕಳೆದ ಮೇಲೆ. ಕುರುಗೋಡಿನಿಂದ ಅವರ ಹೆಂಡತಿ ಕಾರ್ಡು ಬರೆದಿದ್ದರು. ಎರಡೇ ಸಾಲು. ಆಗ ನಾನು ಬಳ್ಳಾರಿಗೆ ವರ್ಗವಾಗಿ ಬಂದಿದ್ದೆ. ಕಾರ್ಡು ಓದಿ ನನಗೆ ಅಳು ಬರಲಿಲ್ಲ. ಸದ್ಯ ಮುಗಿಯಿತಲ್ಲ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದನ್ನು ಅವರು ಕೊನೆಯ ವರ್ಷ ಬಿಟ್ಟೇಬಿಟ್ಟಿದ್ದರು.

ಸಿರುಗುಪ್ಪದಲ್ಲಿ ನಾನು ಗುಮಾಸ್ತನಾಗಿದ್ದ ಕಾಲುವೆ ಕಚೇರಿಯಲ್ಲಿ ಅವರು ಟ್ರೇಸರ್. ಎಂಜಿನಿಯರರು ಪೆನ್ಸಿಲಿನಲ್ಲಿ ಎಳೆದ ಕಾಲುವೆ, ತೂಬು, ಹೊಲದ ಗಡಿಗಳನ್ನು ಗಂಜಿ ಹಾಕಿದ ಟ್ರೇಸಿಂಗ್ ಬಟ್ಟೆಯ ಮೇಲೆ ಕಪ್ಪು ಶಾಯಿಯಲ್ಲಿ ಇಳಿಸುವುದು ಅವರ ಕೆಲಸ. ನಿಬ್ಬನ್ನು ಅದ್ದುವ ಮುಂಚೆ ಒಂದು ಸಲ ತಲೆಗೂದಲಿಗೆ ಒರೆಸಿಕೊಳ್ಳುತ್ತಿದ್ದರು. ಅದರಿಂದ ಅವರ ಬಲಗಿವಿಯ ಮೇಲಿನ ಕೂದಲು ಮಾತ್ರ ಐವತ್ತೈದು ದಾಟಿದರೂ ಕಪ್ಪಾಗಿಯೇ ಇತ್ತು. ಕೆಟ್ಟುಹೋದ ಬಟ್ಟೆಯನ್ನು ಅವರು ಎಸೆಯುತ್ತಿರಲಿಲ್ಲ. ಮನೆಗೆ ಒಯ್ದು ಬಿಸಿನೀರಿನಲ್ಲಿ ನೆನೆಹಾಕಿ ಗಂಜಿ ಬಿಡಿಸಿದರೆ ಒಳಗಿಂದ ಮಲ್ಲಿನಂಥ ಬಿಳಿ ಬಟ್ಟೆ ಬರುತ್ತಿತ್ತು. ನಮ್ಮ ಕಚೇರಿಯ ಜವಾನನಿಂದ ಹಿಡಿದು ಸಾಹೇಬರವರೆಗೆ ಎಲ್ಲರ ಜೇಬಿನಲ್ಲಿದ್ದದ್ದು ಅವರು ಕೊಟ್ಟ ಕರವಸ್ತ್ರವೇ. ನನ್ನ ಕರವಸ್ತ್ರದ ಮೂಲೆಯಲ್ಲಿ ಯಾವುದೋ ಉಪಕಾಲುವೆಯ ಒಂದು ತುಂಡು ಗೆರೆ ಎಷ್ಟು ಒಗೆದರೂ ಹೋಗಲಿಲ್ಲ.

ಕಚೇರಿಯಲ್ಲಿ ಅವರು 'ಸಾರ್'. ಭಾನುವಾರ ಮಧ್ಯಾಹ್ನ ಅವರ ಮನೆಯ ಪಡಸಾಲೆಯಲ್ಲಿ ಮಾತ್ರ 'ಅಣ್ಣ'. ಅಲ್ಲಿ ನಾವು ಮೂವರು ಸೇರುತ್ತಿದ್ದೆವು. ಅವರು, ನಾನು, ಸರಕಾರಿ ದವಾಖಾನೆಯ ಕಾಂಪೌಂಡರ್ ಖಾದರ್. ಸೇರುತ್ತಿದ್ದದ್ದು ಒಂದು ಆಟಕ್ಕೆ. ಎಂಬತ್ತರ ದಶಕದ ಸಿರುಗುಪ್ಪದಲ್ಲಿ ಆ ಆಟ ಆಡುತ್ತಿದ್ದವರು ನಾವು ಮೂವರೇ, ಜಿಲ್ಲೆಯಲ್ಲೇ ಮತ್ತೊಬ್ಬರು ಇದ್ದಿರಲಾರರು.

ಆಟದ ಪುಸ್ತಕ ಅವರಿಗೆ ಸಿಕ್ಕಿದ್ದು ಬಳ್ಳಾರಿಯ ಒಂದು ರದ್ದಿ ಅಂಗಡಿಯಲ್ಲಿ. ಇಂಗ್ಲಿಷ್ ಪುಸ್ತಕ, ರಟ್ಟು ಹೋಗಿತ್ತು, ಅರ್ಧ ಹಾಳೆಗಳೂ ಇರಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಅದರಲ್ಲಿದ್ದ ಒಂದು ಗವಿಯ ನಕ್ಷೆ. "ಈ ಗೆರಿ ಎಳದಾಂವ ಕಸಬುದಾರ ಅದಾನ ನೋಡಪ" ಎಂದು ಅದಕ್ಕೇ ಕೊಂಡು ತಂದಿದ್ದರು. ಆಮೇಲೆ ಡಿಕ್ಷನರಿ ಹಿಡಿದು ಕೂತು ಓದಿ, ಅದು ಆಟ ಎಂದು ಪತ್ತೆ ಮಾಡಿದರು. ಮಣೆ ಇಲ್ಲ, ಕಾಯಿ ಇಲ್ಲ. ಒಬ್ಬ ಕಥೆ ನಡೆಸಬೇಕು, ಉಳಿದವರು ಆ ಕಥೆಯೊಳಗಿನ ಜನರಾಗಬೇಕು. ಗವಿಯ ಬಾಗಿಲಲ್ಲಿ ನಿಂತಿದ್ದೀರಿ, ಏನು ಮಾಡುತ್ತೀರಿ ಎಂದು ಅವನು ಕೇಳುತ್ತಾನೆ. ಇವರು ಒಳಗೆ ಹೋಗುತ್ತೇವೆ ಎನ್ನುತ್ತಾರೆ, ಇಲ್ಲವೇ ಓಡಿಹೋಗುತ್ತೇವೆ ಎನ್ನುತ್ತಾರೆ. ಅದು ಆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಆ ಪುಸ್ತಕದಲ್ಲಿ ಹೇಳಿದಂಥ ವಿಚಿತ್ರ ದಾಳಗಳು ನಮಗೆಲ್ಲಿ ಸಿಗಬೇಕು, ಅಕ್ಕನ ಪಗಡೆಯ ಆರು ಕವಡೆ ತಂದಿಟ್ಟುಕೊಂಡೆವು. ಅಕ್ಕ ಎಂದರೆ ಅವರ ಹೆಂಡತಿ. ಮಕ್ಕಳಿಲ್ಲದ ಮನೆ, ಇಬ್ಬರೇ.

ಮಂತ್ರ ಹಾಕುವವರೂ ಆಟದಲ್ಲಿದ್ದರು. ಆದರೆ ಮಂತ್ರದ ಅಧ್ಯಾಯವೇ ಪುಸ್ತಕದಲ್ಲಿ ಇರಲಿಲ್ಲ.

"ಯಾವನೋ ಶೇಂಗಾ ಕಟ್ಯಾನ ಅದರಾಗ" ಎಂದರು ಅಣ್ಣ.

"ಮಂತ್ರ ಇಲ್ದಿದ್ರ ಬ್ಯಾಡ ಬಿಡ್ರಿ ಅಣ್ಣ, ಕತ್ತಿ ಸಾಕು" ಎಂದ ಖಾದರ್.

"ಹಂಗ ಬಿಡಾಕ ಬರಂಗಿಲ್ಲ. ನಾ ಬರೀತೀನಿ."

ಬರೆದರು. ಎರಡು ವಾರ ಹಿಡಿಯಿತು. ಟ್ರೇಸಿಂಗ್ ಬಟ್ಟೆಯ ಮೇಲೆ, ನಕ್ಷೆಯ ತಲೆಬರಹ ಬರೆಯುವ ಅದೇ ನೆಟ್ಟನೆಯ ಅಕ್ಷರಗಳಲ್ಲಿ, 'ಮಂತ್ರದ ಕಟ್ಟಳೆ' ಎಂದು ಮೇಲೆ ಬರೆದು ಅಡಿಗೆರೆ ಎಳೆದಿದ್ದರು. ಮೊದಲನೆಯ ಕಟ್ಟಳೆ ಹೀಗಿತ್ತು: ಪ್ರತಿ ಮಂತ್ರಗಾರನಿಗೂ ಒಂದು ಹಾಳೆ, ಹಾಳೆಯಲ್ಲಿ ಅವನ ಇಪ್ಪತ್ತು ನೆನಪು. ಒಂದು ಮಂತ್ರ ಹಾಕಬೇಕಾದರೆ ಒಂದು ನೆನಪು ಕೊಡಬೇಕು. ಯಾವುದನ್ನು ಕೊಡುವುದು ಎಂಬುದು ಅವನ ಇಷ್ಟ, ಆದರೆ ಹೊಡೆದುಹಾಕಿದ್ದು ಹೋಯಿತು, ಮತ್ತೆ ಸಿಗುವುದಿಲ್ಲ. ಸಣ್ಣ ನೆನಪಿಗೆ ಸಣ್ಣ ಮಂತ್ರ, ದೊಡ್ಡದಕ್ಕೆ ದೊಡ್ಡದು. ಕೊಟ್ಟ ಮೇಲೆ ಕವಡೆ ಹಾಕಬೇಕು. ಸರಿಯಾಗಿ ಬಿದ್ದರೆ ಮಂತ್ರ ಹತ್ತಿತು. ಬೀಳದಿದ್ದರೆ ಮಂತ್ರವೂ ಇಲ್ಲ, ನೆನಪೂ ಇಲ್ಲ.

"ಇದು ಅನ್ಯಾಯ" ಎಂದು ಖಾದರ್ ಜಗಳ ತೆಗೆದ. "ಮಂತ್ರ ಹತ್ತಲಿಲ್ಲ ಅಂದ್ರ ನೆನಪು ವಾಪಸ್ ಕೊಡ್ರಿ."

"ವಾಪಸ್ ಕೊಡೋದು ಎಲ್ಲೈತಿ ಖಾದರ್? ನಿನ್ನ ದವಾಖಾನ್ಯಾಗ ಔಷಧ ಹತ್ತಲಿಲ್ಲಂದ್ರ ಬಾಟ್ಲಿ ವಾಪಸ್ ತಗೊಂತೀಯೇನು?"

ನನ್ನ ಮಂತ್ರಗಾರ ತುಂಗಭದ್ರೆಯಲ್ಲಿ ಹರಿಗೋಲು ನಡೆಸುವವನು. ಅವನಿಗೆ ಇಪ್ಪತ್ತು ನೆನಪು ಕಟ್ಟಲು ಕೂತಾಗ ಅರ್ಧಕ್ಕರ್ಧ ನನ್ನವೇ ಬಂದವು. ಒಂದು ಬಂಡೆ ಸರಿಸಲು ಅವನ ತಾಯಿಯ ಜೋಗುಳವನ್ನು ಕೊಟ್ಟೆ, ಬಂಡೆ ಸರಿಯಿತು. ಮುಂದಿನ ಭಾನುವಾರ ಮರೆತು ಆ ಜೋಗುಳದ ಮಾತೆತ್ತಿದೆ.

"ಯಾವ ಜೋಗುಳ?" ಎಂದರು ಅಣ್ಣ. "ನಿನಗ ಗೊತ್ತಿಲ್ಲ ಅದು. ಯಾರೂ ಅವನಿಗೆ ನೆನಪು ಮಾಡಂಗಿಲ್ಲ. ಎರಡನೇ ಕಟ್ಟಳಿ."

ನಗುತ್ತ ಹೇಳಲಿಲ್ಲ. ಆಟದಲ್ಲಿ ಅವರಿಗೆ ತಮಾಷೆ ಎಂಬುದೇ ಇರಲಿಲ್ಲ. ನಮ್ಮವ್ವ ಹಾಡುತ್ತಿದ್ದ ಹಾಡು ಅದು, ಆಮೇಲೆ ಅದನ್ನು ಗುನುಗುವಾಗಲೂ ಏನೋ ಕದ್ದವನಂತೆ ಅನ್ನಿಸುತ್ತಿತ್ತು.

ಅಕ್ಕ ಆಟಕ್ಕೆ ಬರುತ್ತಿರಲಿಲ್ಲ. ಒಳಮನೆಯಲ್ಲಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕೇಳುತ್ತಿದ್ದರು. ನಾಲ್ಕು ಗಂಟೆಗೆ ವಗ್ಗಾಣಿ, ಮಿರ್ಚಿ ತಂದಿಡುವಾಗ ಒಂದು ಮಾತು ಹೇಳದೆ ಹೋಗುತ್ತಿರಲಿಲ್ಲ.

"ಮೂರು ಮಂದಿ ಗಂಡಸರು ಕುಂತು ಗವಿ ಗವಿ ಅಂತೀರಲ್ಲ, ನಮ್ಮ ಅಕ್ಕಿ ಡಬ್ಬಿ ಕೆಳಗ ಇಲಿ ಗವಿ ತೋಡೈತಿ. ಅದನ್ನ ನೋಡ್ರಿ ಮೊದಲು."

ಮೂರನೆಯ ಕಟ್ಟಳೆ ಅಣ್ಣ ತಾವಾಗಿ ಬರೆದಿದ್ದಲ್ಲ, ಖಾದರ್ ಬರೆಸಿದ್ದು. ಗವಿಯ ಕೆಳಗಿನ ಮಜಲಿನಲ್ಲಿ ಅಣ್ಣ ಒಂದು ಪ್ರಾಣಿಯನ್ನು ಇಟ್ಟಿದ್ದರು. ಅದು ಕಚ್ಚುವುದಿಲ್ಲ, ಹೊಡೆಯುವುದಿಲ್ಲ, ಮಂತ್ರಗಾರರ ಹಾಳೆಯಿಂದ ನೆನಪುಗಳನ್ನು ಒಂದೊಂದಾಗಿ ಒಯ್ಯುತ್ತದೆ. ಖಾದರ್‌ನ ಹಾಳೆ ಪೂರ್ತಿ ಖಾಲಿಯಾಯಿತು. ನಿನ್ನ ಮಂತ್ರಗಾರ ತಾನು ಯಾರೆಂಬುದನ್ನೂ ಮರೆತ, ಮುಗಿಯಿತು ಎಂದರು ಅಣ್ಣ. ಖಾದರ್ ಒಪ್ಪಲಿಲ್ಲ.

"ಅವನ ಹತ್ರ ಇನ್ನೊಂದೈತಿ. ನಾ ಅದನ್ನ ಹಾಳ್ಯಾಗ ಬರದಿಲ್ಲ. ಬರೀದಿದ್ದನ್ನ ಅದು ಹೆಂಗ ಒಯ್ತೈತಿ?"

ಅಣ್ಣ ಶಾಯಿಯ ದೌತಿ ಎಳೆದುಕೊಂಡರು. ನಿಬ್ಬನ್ನು ತಲೆಗೆ ಒರೆಸಿಕೊಂಡರು. ಆಮೇಲೆ ಬಟ್ಟೆಯನ್ನು ಬಿಡಿಸಿ ಬರೆದರು: ಹಾಳೆಯಲ್ಲಿ ಬರೆಯದ ನೆನಪನ್ನು ಮಂತ್ರಕ್ಕೆ ಕೊಡಲು ಬರುವುದಿಲ್ಲ, ಅದನ್ನು ಯಾರಿಗೂ ಒಯ್ಯಲೂ ಬರುವುದಿಲ್ಲ. ಬರೆದು ಮುಗಿಸಿ ಖಾದರ್‌ಗೆ ಅವರೇ ಚಹ ಬಗ್ಗಿಸಿಕೊಟ್ಟರು.

ಮರೆವು ಶುರುವಾದದ್ದು ಅದಾಗಿ ಎರಡು ವರ್ಷಕ್ಕೆ. ಒಂದು ಭಾನುವಾರ ಕವಡೆ ಕೈಯಲ್ಲಿ ಹಿಡಿದು, "ನೀವು ಈಗ ಎಲ್ಲಿದ್ದೀರಿ?" ಎಂದು ಕೇಳಿದರು. ಹೊಳೆಯ ದಡದಲ್ಲಿ ಎಂದೆ ನಾನು. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದರು. ಇದೇನೋ ಆಟದ ಹೊಸ ಹೂಟ ಎಂದುಕೊಂಡು ನಾವು ಹುಷಾರಾಗಿ ಉತ್ತರ ಕೊಟ್ಟೆವು. ಮೂರನೆಯ ಸಲ ಕೇಳಿದಾಗ ಒಳಗೆ ಮೊರದ ಸದ್ದು ನಿಂತಿತು.

ಕಚೇರಿಯಲ್ಲಿ ಒಂದು ನಕ್ಷೆಯನ್ನು ಎರಡು ಸಲ ಇಳಿಸಿದರು. ಇನ್ನೊಂದರಲ್ಲಿ ಒಂದು ತೂಬನ್ನೇ ಬಿಟ್ಟರು. ಆ ತೂಬಿನ ಕೆಳಗಿನ ಇಬ್ಬರು ರೈತರು ನಕ್ಷೆಯನ್ನು ಹಿಡಿದುಕೊಂಡು ಬಂದು, ನಮ್ಮ ಹೊಲಕ್ಕೆ ನೀರೇ ಇಲ್ಲವೇನು ಹಾಗಾದರೆ ಎಂದು ಕೇಳಿದಾಗ ಅಣ್ಣ ಆ ಬಟ್ಟೆಯ ಮೇಲೆ ಬೆರಳಾಡಿಸುತ್ತ ಕೂತುಬಿಟ್ಟರು. ಮೂವತ್ತು ವರ್ಷದಲ್ಲಿ ಅವರ ಕೈಯಿಂದ ಒಂದು ಗೆರೆ ತಪ್ಪಿರಲಿಲ್ಲ. ನಾವು ಹೇಗೋ ಮುಚ್ಚಿಹಾಕಿದೆವು. ಆಮೇಲೆ ನಾನೂ ಖಾದರ್‌ನೂ ಅವರನ್ನು ಬಳ್ಳಾರಿಗೆ ಕರೆದೊಯ್ದು ಒಬ್ಬ ದೊಡ್ಡ ಡಾಕ್ಟರಿಗೆ ತೋರಿಸಿದೆವು. ಡಾಕ್ಟರು ಸುತ್ತುಬಳಸಲಿಲ್ಲ. ನೆನಪು ಹೀಗೇ ಹೋಗುತ್ತ ಹೋಗುತ್ತದೆ, ಔಷಧ ಇಲ್ಲ ಎಂದರು. ರೋಗಿಯ ಎದುರಿಗೇ ಹೇಳಿದರು.

ಬಸ್ಸಿನಲ್ಲಿ ಅಣ್ಣ ಕಿಟಕಿಯ ಪಕ್ಕ ಕೂತಿದ್ದರು. ಅರ್ಧ ದಾರಿಗೆ ನನ್ನ ಕಡೆ ತಿರುಗಿ, "ನನಗೊಂದು ಹಾಳಿ ಬೇಕು" ಎಂದರು.

"ಯಾಕಣ್ಣ?"

"ರೋಗ ತಾನಾಗಿ ಒಯ್ದರ ಅದು ಕಳವು. ನಾನಾಗಿ ಕೊಟ್ಟರ ಮಂತ್ರ."

ಖಾದರ್ ಮುಖ ಆಚೆ ತಿರುಗಿಸಿದ. ನನಗೆ ಸಿಟ್ಟು ಬಂತು. ಇಂಥ ಹೊತ್ತಿನಲ್ಲೂ ಆಟವೇ ಎಂದು. ಈಗ ಯೋಚಿಸಿದರೆ, ಅವರ ಬಳಿ ಬೇರೆ ಏನಿತ್ತು? ಡಾಕ್ಟರು ಕೈ ಎತ್ತಿದ್ದರು, ದೇವರ ಗೊಡವೆ ಅವರಿಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಉಳಿದದ್ದು ಅವರು ತಾವೇ ಕೂತು ಬರೆದ ಕಟ್ಟಳೆ ಅದೊಂದೇ.

ಹಾಳೆ ಬರೆದು ನನ್ನ ಕೈಗೆ ಕೊಟ್ಟರು. ಹಾಳೆ ಯಾವಾಗಲೂ ಇನ್ನೊಬ್ಬರ ಹತ್ತಿರ ಇರಬೇಕೆಂಬುದು ನಮ್ಮ ರೂಢಿ, ಇಲ್ಲದಿದ್ದರೆ ಖಾದರ್ ಮೋಸ ಮಾಡುತ್ತಿದ್ದ. ಇಪ್ಪತ್ತು ನೆನಪು, ಒಂದರ ಕೆಳಗೊಂದು. ಕಾಲುವೆಗೆ ಮೊದಲ ಸಲ ನೀರು ಬಿಟ್ಟ ದಿನ ಜನ ಅದರ ಜೊತೆ ಓಡಿದ್ದು. ತಾಯಿ ಬೀಸುವಾಗ ಇದು ರಾಗಿ ಅಲ್ಲ ಜೋಳ ಎಂದು ತಾವು ವಾಸನೆಯಲ್ಲೇ ಹೇಳುತ್ತಿದ್ದದ್ದು. ಮೊದಲ ನಿಬ್ಬು. ಕುರುಗೋಡಿನ ಗುಡ್ಡದ ಮೇಲಿಂದ ಬಿದ್ದು ಮುಂಗೈ ಮುರಿದದ್ದು. ರೂಪನಗುಡಿಗೆ ಅಳತೆಗೆ ಹೋದಾಗ ಒಂದು ಕರಿ ನಾಯಿ ಮೂರು ಮೈಲಿ ಹಿಂದೆ ಬಂದದ್ದು. ಖಾದರ್‌ನ ನಗು. ಹೀಗೇ.

"ಇಷ್ಟನ್ನೂ ಕೊಟ್ಟು ಏನು ಮಂತ್ರ ಹಾಕೋರು ನೀವು?" ಎಂದು ಕೇಳಿದೆ.

"ಒಂದನ್ನ ಉಳಿಸಿಕೊಳ್ಳಾಕ."

"ಯಾವುದು? ಎಷ್ಟನೇದು?"

"ಅದರಾಗ ಇಲ್ಲ ಅದು" ಎಂದರು. "ಬರದಿಲ್ಲ."

ನಾನು ಮುಂದೆ ಕೇಳಲಿಲ್ಲ. ಅವರು ಆಗ ಒಳಮನೆಯ ಕಡೆ ನೋಡಿದರು ಎಂದು ನನಗೆ ನೆನಪು. ಆದರೆ ಈ ನೆನಪನ್ನು ನಾನು ಎಷ್ಟು ಸಲ ತಿರುವಿಹಾಕಿದ್ದೇನೆಂದರೆ, ನೋಡಿದ್ದರೋ, ನೋಡಿರಲಿ ಎಂದು ನಾನೇ ಸೇರಿಸಿಕೊಂಡೆನೋ, ಈಗ ಆಣೆಯಿಟ್ಟು ಹೇಳಲಾರೆ.

ಕಚೇರಿಯಿಂದ ಅವರು ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡು ತಮ್ಮ ಊರಾದ ಕುರುಗೋಡಿಗೆ ಹೋದರು. ತಿಂಗಳಿಗೊಂದು ಭಾನುವಾರ ನಾನು ಹಾಳೆಯನ್ನೂ ಕೆಂಪು ಪೆನ್ಸಿಲನ್ನೂ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದೆ. ಅವರು ಕಟ್ಟೆಯ ಮೇಲೆ ಕೂತು ಒಂದು ಸಂಖ್ಯೆ ಹೇಳುತ್ತಿದ್ದರು. "ನಾಲ್ಕು ಹೊಡಿ." ನಾನು ಹೊಡೆದುಹಾಕುತ್ತಿದ್ದೆ. ಅವರು ಕವಡೆ ಹಾಕಿ ಬಗ್ಗಿ ನೋಡಿ, ಮಂತ್ರ ಹತ್ತಿತೋ ಇಲ್ಲವೋ ಹೇಳದೆ, ಕವಡೆ ಎತ್ತಿಕೊಳ್ಳುತ್ತಿದ್ದರು. ಅದಾದ ಮೇಲೆ ಆ ಮಾತು ಬಂದರೆ ತಮಗೇನೂ ಗೊತ್ತಿಲ್ಲ ಎನ್ನುತ್ತಿದ್ದರು. ಮುರಿದ ಮುಂಗೈಯ ಗಂಟು ತೋರಿಸಿ ಇದೇನಣ್ಣ ಎಂದರೆ, "ಹುಟ್ಟಿದಾಗಿಂದ ಐತೇನೋ" ಎನ್ನುತ್ತಿದ್ದರು. ಕಟ್ಟಳೆ ಪಾಲಿಸುತ್ತಿದ್ದರೋ, ಖರೆಯಾಗಿಯೇ ಹೋಗಿತ್ತೋ ತಿಳಿಯಲು ದಾರಿ ಇರಲಿಲ್ಲ. ಹೊಡೆಯದೆ ಉಳಿದವೂ ತಮ್ಮಷ್ಟಕ್ಕೆ ತಾವು ಹೋಗುತ್ತಿದ್ದವು. ಅದನ್ನು ನಾನು ಅವರಿಗೆ ಹೇಳಲಿಲ್ಲ.

ಒಂದು ಸಲ ಖಾದರ್ ನನ್ನ ಜೊತೆ ಬಂದ. ಹಿಂದಿನ ತಿಂಗಳಷ್ಟೇ ಅಣ್ಣ ಹನ್ನೆರಡು ಹೊಡಿ ಎಂದಿದ್ದರು, ಹನ್ನೆರಡು ಎಂದರೆ ಖಾದರ್‌ನ ನಗು. ನಾನು ಅದನ್ನು ಖಾದರ್‌ಗೆ ತಿಳಿಸಿರಲಿಲ್ಲ, ಹೇಗೆ ತಿಳಿಸುವುದು? ಅವನು ಯಥಾಪ್ರಕಾರ ಬಾಗಿಲಲ್ಲೇ ಏನೋ ಅಂದು ಗಹಗಹಿಸಿ ನಕ್ಕ. ಅಣ್ಣ ಅವನನ್ನು ಮೇಲಿಂದ ಕೆಳಗೆ ನೋಡಿ, "ಯಾರ್ರಿ ನೀವು? ಕುಂದರ್ರಿ" ಎಂದರು. ವಾಪಸ್ ಬಸ್ಸಿನಲ್ಲಿ ನಾನು ಹಾಳೆ ತೋರಿಸಿದೆ. ಖಾದರ್ ಅದನ್ನು ನೋಡಿ, "ಆಟ ಆಡಿದ್ರೋ ಖರೇನೇ ಮರತ್ರೋ, ನೀನರೆ ಹೇಳಲೇ" ಎಂದ. ನನಗೂ ಗೊತ್ತಿರಲಿಲ್ಲ. ಅವನು ಮತ್ತೆ ಕುರುಗೋಡಿಗೆ ಬರಲಿಲ್ಲ. ಅವನ ಮೇಲೆ ನನಗೆ ತಪ್ಪು ಹೊರಿಸಲು ಬಾಯಿಲ್ಲ.

ಹದಿನೇಳು ನೆನಪು ಹೊಡೆದ ಮೇಲೆ ಅವರಿಗೆ ಸಂಖ್ಯೆಗಳೇ ಹೋದವು. ನಾನು ಹಾಳೆ ತೆಗೆದರೆ, ಇದೇನು ಅರ್ಜಿಯೇ ಎಂದು ಕೇಳುತ್ತಿದ್ದರು. ಅದೇ ಚಳಿಗಾಲದಲ್ಲಿ ಒಂದು ಭಾನುವಾರ, ಅಕ್ಕ ಅವರ ಕಾಲಿಗೆ ಎಣ್ಣೆ ಹಚ್ಚಿ ಒಳಗೆ ಹೋದ ಮೇಲೆ, ಅಣ್ಣ ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು:

"ಈ ಹೆಣ್ಣುಮಗಳು ಬಾಳ ಚಲೋಕಿ ಅದಾಳ. ಪಾಪ, ದಿನಾ ಬಂದು ಮಾಡತಾಳ. ಯಾರ ಮನಿಯಾಕಿ ಕೇಳಪ. ನಾ ಕೇಳಿದ್ರ ಅಳತಾಳ."

ಮಂತ್ರ ಹತ್ತಿರಲಿಲ್ಲ. ಹದಿನೇಳು ನೆನಪು ನನ್ನ ಕೈಯಿಂದಲೇ ಹೊಡೆಸಿ, ಆ ಮನುಷ್ಯ ಒಂದನ್ನು ಉಳಿಸಿಕೊಳ್ಳಲು ಆಗಲಿಲ್ಲ. ಆ ದಿನ ನಾನು ಬಸ್ ನಿಲ್ದಾಣದವರೆಗೂ ಅಳುತ್ತಲೇ ನಡೆದೆ. ಆಮೇಲೆ ವರ್ಗವಾಯಿತು ಎಂಬ ನೆವ ಸಿಕ್ಕಿತು, ಹೋಗುವುದು ಕಡಿಮೆ ಮಾಡಿದೆ. ನೆವವೇ ಅದು. ಬಳ್ಳಾರಿಯಿಂದ ಕುರುಗೋಡೇನು ದೂರವಲ್ಲ.

ಕಾರ್ಡು ಬಂದ ಮೇಲಿನ ಭಾನುವಾರ ಹೋದೆ. ಮನೆಯಲ್ಲಿ ಅಕ್ಕನ ತಂಗಿಯೊಬ್ಬರು ಬಂದಿದ್ದರು. ಅಕ್ಕ ಸೊರಗಿದ್ದರು, ಆದರೆ ಮಾತು ಗಟ್ಟಿಯಾಗಿಯೇ ಇತ್ತು. ಹಾಳೆಯನ್ನು ಒಯ್ದಿದ್ದೆ. ಅದು ಅವರ ಮನೆಯದು, ಅವರ ಹತ್ತಿರವೇ ಇರಲಿ ಎಂದು ಮಾತ್ರ ಯೋಚಿಸಿದ್ದೆ. ಗಂಡನ ಅಕ್ಷರ ನೋಡಿದರೆ ಸಮಾಧಾನವಾದೀತು ಎಂದು. ಅಷ್ಟು ವರ್ಷ ಗುಮಾಸ್ತಗಿರಿ ಮಾಡಿದವನು, ಒಂದು ಕಾಗದವನ್ನು ಯಾರಿಗೆ ಕೊಡುತ್ತಿದ್ದೇನೆಂದು ನೋಡದೆ ಕೊಟ್ಟೆ.

ಅಕ್ಕ ಕನ್ನಡಕ ಹಾಕಿಕೊಂಡು, ಅಕ್ಷರದ ಕೆಳಗೆ ಬೆರಳಿಟ್ಟು, ಕೆಂಪು ಗೆರೆ ಎಳೆದವುಗಳನ್ನೂ ಬಿಡದೆ ಓದಿದರು. ಕೊನೆಗೆ ಬಂದು ಹಾಳೆಯನ್ನು ಮಗುಚಿ ಹಿಂಬದಿ ನೋಡಿದರು. ಹಿಂದೆ ಏನೂ ಇರಲಿಲ್ಲ. ಮತ್ತೆ ಮೊದಲಿಂದ ಓದಿದರು. ಆಗ ನನಗೆ ಹೊಳೆಯಿತು, ಅವರು ಏನು ಹುಡುಕುತ್ತಿದ್ದಾರೆಂದು.

"ರೂಪನಗುಡಿ ನಾಯಿ ಐತಿ ಇದರಾಗ" ಎಂದರು ಅಕ್ಕ. "ನಾ ಇಲ್ಲ."

ನಾನು ಗಡಿಬಿಡಿಯಲ್ಲಿ ಮೂರನೆಯ ಕಟ್ಟಳೆ ಹೇಳಿದೆ. ಬರೆದದ್ದು ಹೋಗುತ್ತದೆ, ಬರೆಯದೆ ಇಟ್ಟದ್ದನ್ನು ಯಾರಿಗೂ ಒಯ್ಯಲು ಬರುವುದಿಲ್ಲ, ಅದಕ್ಕೇ ಅಣ್ಣ ಬೇಕೆಂದೇ ಒಂದನ್ನು ಬರೆಯಲಿಲ್ಲ, ಅದನ್ನು ಉಳಿಸಿಕೊಳ್ಳಲಿಕ್ಕೇ ಇವನ್ನೆಲ್ಲ ಕೊಟ್ಟರು ಎಂದೆ. ಹೇಳುತ್ತಿದ್ದಂತೆ ನನ್ನ ಮಾತು ನನಗೇ ಹುಡುಗಾಟದಂತೆ ಕೇಳಿಸಿತು. ಒಬ್ಬ ಹೆಂಗಸು ಗಂಡನನ್ನು ಮಣ್ಣು ಮಾಡಿ ಕೂತಿದ್ದಾಳೆ, ನಾನು ಅವಳ ಮುಂದೆ ಆಟದ ನಿಯಮ ಬಿಡಿಸಿ ಹೇಳುತ್ತಿದ್ದೇನೆ. ಅಕ್ಕ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು.

"ಆ ಬರೀದಿದ್ದು ನಾನ ಅಂತ ಅವರು ಹೇಳಿದ್ರೇನಪ?"

ಹೌದು ಎಂದುಬಿಡಬಹುದಿತ್ತು. ಒಂದೇ ಮಾತು, ಯಾರಿಗೂ ನಷ್ಟವಿರಲಿಲ್ಲ. ಬಾಯಿ ತೆರೆದೆ ಕೂಡ. ಆದರೆ ಆ ಒಂದು ಕ್ಷಣದಲ್ಲಿ, ಹಾಳೆ ಬರೆಯುವ ಹೊತ್ತಿಗೇ ಅಣ್ಣನಿಗೆ ಅಕ್ಕ ಮರೆತುಹೋಗುತ್ತಿದ್ದರೇನೋ, ಉಳಿಸಿಕೊಳ್ಳಬೇಕೆಂದಿದ್ದದ್ದು ಬೇರೆ ಏನೋ ಎಂಬ ಸಂಶಯ ನನ್ನೊಳಗೆ ಮೊದಲ ಸಲ ಬಂತು. ಅದು ಮುಖದ ಮೇಲೆ ಬಂದಿರಬೇಕು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು, ಇನ್ನು ಸುಳ್ಳು ಹೇಳಿ ಉಪಯೋಗವಿರಲಿಲ್ಲ.

"ಇಲ್ಲಕ್ಕ. ನಾ ಕೇಳಲಿಲ್ಲ" ಎಂದೆ.

ಅಕ್ಕ ಹಾಳೆಯನ್ನು ಮಡಿಸಿ ನನ್ನ ಕೈಗೇ ವಾಪಸ್ ಕೊಟ್ಟರು.

"ಕೇಳಬೇಕಾಗಿತ್ತು ನೀನು" ಎಂದರು.